ಬಿಲ್ ಮಾಡುವ ಆ್ಯಪ್ ಮತ್ತು ಮೂರು ವರ್ಷದ ಕೋರಿ ರೊಟ್ಟಿ: ಒಬ್ಬ ಆಹಾರ ಛಾಯಾಗ್ರಾಹಕಿಯ ವಿಮರ್ಶೆ

ಮಂಗಳೂರು, ಉಡುಪಿಯ ಹೋಟೆಲುಗಳಿಗೆ, ಐಸ್‌ಕ್ರೀಂ ಪಾರ್ಲರುಗಳಿಗೆ, ಮಸಾಲೆ ಪುಡಿ ತಯಾರಿಸುವವರಿಗೆ ತಿಂಡಿ ಊಟದ ಚಿತ್ರ ತೆಗೆದುಕೊಡುವುದು ನನ್ನ ಕಸುಬು. ಅಂದಾಜು ಪಟ್ಟಿ, ಇನ್‌ವಾಯ್ಸ್, ರಸೀದಿ ಮೂರನ್ನೂ ಮೊಬೈಲಿನಲ್ಲೇ ಮಾಡುವ, ವರ್ಷಕ್ಕೆ ಸುಮಾರು 3,000 ರೂಪಾಯಿ ಚಂದಾ ಇರುವ ಆ್ಯಪೊಂದನ್ನು ಮೂರು ವರ್ಷದಿಂದ ಬಳಸುತ್ತಿದ್ದೇನೆ. ಅದಕ್ಕೂ ಮೊದಲು ಮಂಗಳೂರಿನ ಹಂಪನಕಟ್ಟೆಯಿಂದ ತಂದ, ನಡುವೆ ಕಾರ್ಬನ್ ಹಾಳೆ ಇಟ್ಟು ಬರೆಯುವ ಬಿಲ್ ಪುಸ್ತಕವಿತ್ತು. ಬಿಲ್ ಬರೆಯುವುದಷ್ಟೇ ಕೆಲಸವಾಗಿದ್ದರೆ ಆ ಪುಸ್ತಕವೇ ಸಾಕಿತ್ತು. ಕೊಟ್ಟ ಚಂದಾ ವಸೂಲಾದದ್ದು ಆ್ಯಪ್‌ನ ಅಂದಾಜು ಪಟ್ಟಿಯಿಂದ.

ನಮ್ಮ ಕಡೆ ದರ ನಿಗದಿಯಾಗುವುದು ಕ್ಯಾಶ್ ಕೌಂಟರಿನ ಎದುರು, ಬಾಯಿಮಾತಿನಲ್ಲಿ. ‘ಒಂದು ಪ್ಲೇಟಿಗೆ ಎಷ್ಟು ಮೇಡಂ?’ ಎಂಬುದು ಮೊದಲ ಪ್ರಶ್ನೆ. ‘ಐದು ನಿಮಿಷದ ಕೆಲಸ ಅಲ್ವಾ ಮಾರಾಯ್ರೆ’ ಎಂಬುದು ಎರಡನೆಯದು. ನಾನೂ ಬಹಳ ಕಾಲ ಪ್ಲೇಟಿಗೆ 500 ರೂಪಾಯಿಯಂತೆ 20 ಪ್ಲೇಟಿಗೆ 10,000 ಎಂದು ಒಪ್ಪಿಕೊಂಡು ಬರುತ್ತಿದ್ದೆ. ಐದು ನಿಮಿಷ ಎಂಬ ಮಾತು ಒಂದರ್ಥದಲ್ಲಿ ಸರಿಯೇ, ಏಕೆಂದರೆ ಸಾರು ಸುರಿದ ಮೇಲೆ ಕೋರಿ ರೊಟ್ಟಿಯ ಗರಿಗರಿ ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ನೀರ್ ದೋಸೆಯ ಅಂಚು ಒಣಗಲು ಅಷ್ಟೂ ಬೇಡ. ಆದರೆ ಆ ಐದು ನಿಮಿಷಕ್ಕಾಗಿ ಖಾಲಿ ತಟ್ಟೆಯಿಟ್ಟು ಬೆಳಕು ಹೊಂದಿಸಲು ಮುಕ್ಕಾಲು ಗಂಟೆ ಬೇಕು, ಒಂದು ತಟ್ಟೆ ಕೆಟ್ಟರೆ ಇರಲಿ ಎಂದು ಎರಡು ಪ್ಲೇಟು ಮಾಡಿಸಬೇಕು, ಮನೆಗೆ ಬಂದ ಮೇಲೆ ಪ್ರತಿ ಚಿತ್ರದ ಮುಂದೆ ಅರ್ಧ ಗಂಟೆ ಕೂರಬೇಕು. ಪ್ಲೇಟಿನ ಲೆಕ್ಕದಲ್ಲಿ ಇದು ಯಾವುದೂ ಕಾಣುತ್ತಿರಲಿಲ್ಲ, ನನಗೂ ಕಾಣುತ್ತಿರಲಿಲ್ಲ.

ಆ್ಯಪ್‌ನಲ್ಲಿ ಪ್ರತಿ ಸಾಲಿಗೂ ವಿವರ, ಪ್ರಮಾಣ, ದರ ತುಂಬದೆ ಪಟ್ಟಿ ಮುಂದೆ ಹೋಗುವುದಿಲ್ಲ. ಮೊದಲು ಕಿರಿಕಿರಿಯೆನಿಸಿದ ಈ ಒತ್ತಾಯದಿಂದಲೇ ನನ್ನ ಕೆಲಸ ಬಿಡಿಬಿಡಿಯಾಗಿ ಕಂಡಿತು. ಈಗ 12 ಖಾದ್ಯಗಳ ಕೆಲಸಕ್ಕೆ ಅರ್ಧ ದಿನದ ಚಿತ್ರೀಕರಣ 8,000, ಎಡಿಟಿಂಗ್ ಚಿತ್ರವೊಂದಕ್ಕೆ 350ರಂತೆ 4,200, ಸಹಾಯಕರ ಸಂಬಳ 1,500, ಒಟ್ಟು 13,700 ಎಂದು ಬರೆದು, ಬಾಳೆ ಎಲೆ, ಪಾತ್ರೆ, ಬಟ್ಟೆಗಳಿಗೆ ಆದಷ್ಟು ಖರ್ಚನ್ನು ಬೇರೆ ಸಾಲಿನಲ್ಲಿ ತೋರಿಸುತ್ತೇನೆ. ಚೌಕಾಸಿ ನಿಂತಿಲ್ಲ, ಅದರ ಬಗೆ ಬದಲಾಗಿದೆ. ಹಿಂದೆ ಮೊತ್ತವನ್ನೇ ಇಳಿಸಿ ಎನ್ನುತ್ತಿದ್ದವರು ಈಗ ಸಾಲೊಂದನ್ನು ತೋರಿಸಿ ಇದು ಬೇಡ ಎನ್ನುತ್ತಾರೆ. ಸಹಾಯಕರು ಬೇಡ ಎಂದ ಧನಿಯೊಬ್ಬರ, ಅಂದರೆ ಮಾಲೀಕರೊಬ್ಬರ, ಹೋಟೆಲಿನಲ್ಲಿ ಬೆಳಕನ್ನು ತಟ್ಟೆಯತ್ತ ತಿರುಗಿಸುವ ರಿಫ್ಲೆಕ್ಟರ್ ಹಿಡಿಯಲು ಅವರದೇ ಸಪ್ಲಾಯರ್ ಹುಡುಗ ನಿಂತ. ಮಧ್ಯಾಹ್ನದ ಊಟದ ರಶ್ ಶುರುವಾದಾಗ ಧನಿಗಳೇ ಆ ಸಾಲನ್ನು ಪುನಃ ಸೇರಿಸಿ ಎಂದರು.

ಪಟ್ಟಿಯ ಕೊನೆಗೆ ಷರತ್ತು ಬರೆಯುವ ಜಾಗವಿದೆ. ಒಂದು ಪೆಟ್ಟು ತಿನ್ನುವವರೆಗೆ ನಾನು ಅದನ್ನು ಖಾಲಿ ಬಿಟ್ಟಿದ್ದೆ. ಪಾರ್ಲರೊಂದರ ಮೆನು ಕಾರ್ಡಿಗೆಂದು ತೆಗೆದ ಗಡ್‌ಬಡ್ ಐಸ್‌ಕ್ರೀಂ ಚಿತ್ರವನ್ನು ಕೆಲವು ತಿಂಗಳ ಬಳಿಕ ರಾಷ್ಟ್ರೀಯ ಹೆದ್ದಾರಿ 66ರ ಬದಿಯ ದೊಡ್ಡ ಹೋರ್ಡಿಂಗಿನಲ್ಲಿ ಕಂಡು, ಹೆಚ್ಚಿನ ಹಣ ಕೇಳಲು ಹೊರಟಿದ್ದೆ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಹಕ್ಕುದಾರರು ತೆಗೆಸಿದವರೇ. ಕೇಳಲು ನನಗೆ ಬಾಯಿಯೇ ಇರಲಿಲ್ಲ. ಅಂದಿನಿಂದ ‘ಹಕ್ಕು ಛಾಯಾಗ್ರಾಹಕಿಯದು, ಮೆನು, ಸಾಮಾಜಿಕ ಜಾಲತಾಣ ಮತ್ತು ಆಹಾರ ವಿತರಣೆ ಆ್ಯಪ್‌ಗಳಲ್ಲಿ ಒಂದು ವರ್ಷದ ಬಳಕೆಗೆ ಅನುಮತಿ, ಹೋರ್ಡಿಂಗ್ ಮತ್ತು ಪ್ಯಾಕೆಟ್‌ಗೆ ಪ್ರತ್ಯೇಕ ದರ’ ಎಂಬ ಸಾಲುಗಳು ಪ್ರತಿ ಪಟ್ಟಿಯಲ್ಲೂ ತಾವಾಗಿ ಬಂದು ಕೂರುತ್ತವೆ. ಗ್ರಾಹಕರು ಒಪ್ಪಿಗೆಯ ಗುಂಡಿ ಒತ್ತಿದ ದಿನಾಂಕ, ಸಮಯ ದಾಖಲಾಗುತ್ತದೆ. ಅರ್ಧ ಹಣ ಮುಂಗಡ ಬಂದ ಮೇಲೆಯೇ ನಾನು ಕ್ಯಾಮೆರಾ ಚೀಲ ಹೆಗಲಿಗೇರಿಸುವುದು.

ಜಿಎಸ್‌ಟಿ ವಿಷಯದಲ್ಲಿ ಆ್ಯಪ್ ತಟಸ್ಥವಾಗಿದೆ, ಹಾಕುವುದೋ ಬಿಡುವುದೋ ನಮಗೆ ಬಿಟ್ಟದ್ದು. ಸೇವೆ ಕೊಡುವವರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ, ನೋಂದಣಿ ಇಲ್ಲದವರು ತೆರಿಗೆ ವಸೂಲು ಮಾಡುವಂತೆಯೂ ಇಲ್ಲ. ನಾನು ನೋಂದಣಿ ಮಾಡಿಸದಿರುವುದಕ್ಕೆ ಇನ್ನೊಂದು ಕಾರಣವಿದೆ. ಶೇ. 5ರ ದರದಲ್ಲಿ ತೆರಿಗೆ ಕಟ್ಟುವ ಹೋಟೆಲುಗಳಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ತಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಸಿಗುವುದಿಲ್ಲವಾದ್ದರಿಂದ, ನೋಂದಣಿ ಮಾಡಿಸಿ ನಾನು ಶೇ. 18 ಹಾಕಿದರೆ ಅದು ಅವರ ಪಾಲಿಗೆ ಪೂರ್ತಿ ಖರ್ಚಾಗುತ್ತದೆ.

ಇನ್ನು ದೋಷಗಳು. ಕನ್ನಡದಲ್ಲಿ ಬರೆದರೆ ಪಿಡಿಎಫ್‌ನಲ್ಲಿ ಒತ್ತಕ್ಷರಗಳು ಕಳಚಿ ಬೀಳುತ್ತವೆ; ‘ಕೊಟ್ಟೆ ಕಡುಬು’ ಒಮ್ಮೆಯೂ ಸರಿಯಾಗಿ ಮುದ್ರಣವಾಗಿಲ್ಲ. ಮೂರು ವರ್ಷದಲ್ಲಿ ಎರಡು ಬಾರಿ ದೂರು ಬರೆದೆ, ಎರಡು ಬಾರಿಯೂ ಧನ್ಯವಾದ ಬಂತು. ಮಣಿಪಾಲದ ಗ್ರಾಹಕರೊಬ್ಬರು ಶೇ. 10 ಟಿಡಿಎಸ್ (ಹಣ ಕೊಡುವವರೇ ಹಿಡಿದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಕಡಿತ ಮಾಡಿ ಉಳಿದದ್ದನ್ನು ಪಾವತಿಸಿದಾಗ, ಆ್ಯಪ್ ಆ ಹತ್ತನ್ನು ಬಾಕಿ ಎಂದೇ ತಿಳಿದು ಅವರಿಗೆ ಮೂರು ಜ್ಞಾಪನಾ ಪತ್ರ ಕಳಿಸಿತು. ಟಿಡಿಎಸ್ ನಮೂದಿಸುವ ಆಯ್ಕೆ ಸೆಟ್ಟಿಂಗ್ಸ್‌ನ ಮೂಲೆಯಲ್ಲಿದೆ ಎಂದು ತಿಳಿಯುವ ಹೊತ್ತಿಗೆ ನಾನು ಫೋನಿನಲ್ಲಿ ಕ್ಷಮೆ ಕೇಳಿಯಾಗಿತ್ತು. ಈ ಜ್ಞಾಪನೆಗಳನ್ನು ಈಗ ಪೂರ್ತಿ ನಿಲ್ಲಿಸಿದ್ದೇನೆ; ಇಮೇಲ್ ತೆರೆಯದ ಧನಿಗಳಿಗೆ ವಾಟ್ಸಾಪ್‌ನಲ್ಲಿ ಬಿಲ್ ಕಳಿಸಿ, ವಾರ ಬಿಟ್ಟು ಅತ್ತ ಹೋದಾಗ ಒಂದು ಚಹಾ ಕುಡಿದು ಬರುವುದೇ ಇಲ್ಲಿ ನಡೆಯುವ ಕ್ರಮ. ಆ್ಯಪ್‌ನ ಪಾವತಿ ಲಿಂಕ್ ಸುಮಾರು ಶೇ. 2 ಕತ್ತರಿಸಿಕೊಳ್ಳುವುದರಿಂದ ಬಿಲ್ಲಿನ ಕೆಳಗೆ ನನ್ನ ಯುಪಿಐ ಕ್ಯೂಆರ್ ಚಿತ್ರವನ್ನೇ ಅಂಟಿಸಿದ್ದೇನೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ಮೀನೂಟದ ಹೋಟೆಲುಗಳ ಕೆಲಸ ನನಗೆ ಬಹುತೇಕ ಇರುವುದಿಲ್ಲ. ಚಂದಾ ಮಾತ್ರ ಮಳೆಗಾಲದಲ್ಲೂ ಓಡುತ್ತದೆ, ತಾತ್ಕಾಲಿಕವಾಗಿ ನಿಲ್ಲಿಸುವ ಸೌಲಭ್ಯವಿಲ್ಲ. ಈ ಸಲ ನವೀಕರಿಸುವಾಗ ಜ್ಞಾಪನೆ, ಪಾವತಿ ಲಿಂಕ್ ಎರಡೂ ಇಲ್ಲದ ಕೆಳಗಿನ ಪ್ಲಾನಿಗೆ ಇಳಿದಿದ್ದೇನೆ. ಅಂದಾಜು ಪಟ್ಟಿ ಅದರಲ್ಲೂ ಇದೆ.