ಇಟಾಸ್ಕಾ ಕೆರೆ ದಂಡೆಯಲ್ಲಿ ನಮ್ಮ 19 ಅಡಿ ಟ್ರೈಲರ್: ಐದು ಬೇಸಿಗೆ ಬಳಸಿದ ಮೇಲೆ

ನಾವಿರುವುದು ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ, ಮಿನಿಯಾಪೊಲಿಸ್ ಹತ್ತಿರ. ಐದು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು 19 ಅಡಿಯ ಟ್ರಾವೆಲ್ ಟ್ರೈಲರ್ ತಗೊಂಡೆವು. ಕಾರಿನ ಹಿಂದೆ ಕಟ್ಟಿಕೊಂಡು ಎಳೆಯುವಂಥದ್ದು. ಒಳಗೆ ಹಾಸಿಗೆ, ಪುಟ್ಟ ಅಡುಗೆಮನೆ, ಬಾತ್‌ರೂಮ್ ಎಲ್ಲಾ ಇದೆ. ತಗೊಂಡಿದ್ದೇ ಅಮ್ಮನಿಗಾಗಿ. ಹಾಸನದಿಂದ ಬರುವಾಗಲೆಲ್ಲ ಅವರಿಗೆ ಕಾಡು, ಕೆರೆ ತೋರಿಸಬೇಕು ಅಂತ ಆಸೆ. ಆದರೆ ಮೊಣಕಾಲು ನೋವಿರುವವರನ್ನು ಟೆಂಟಿನಲ್ಲಿ ನೆಲದ ಮೇಲೆ ಮಲಗಿಸೋಕಾಗುತ್ತಾ? ಮಧ್ಯರಾತ್ರಿ ಟಾರ್ಚ್ ಕೊಟ್ಟು ದೂರದ ಶೌಚಾಲಯಕ್ಕೆ ಕಳಿಸೋಕಾಗುತ್ತಾ?

ಪ್ರತಿ ವರ್ಷ ತಪ್ಪದೆ ಹೋಗುವುದು ಇಟಾಸ್ಕಾ ಸ್ಟೇಟ್ ಪಾರ್ಕ್‌ಗೆ. 1891ರಲ್ಲಿ ಶುರುವಾದ, ಮಿನ್ನೆಸೋಟದ ಅತಿ ಹಳೆಯ ಸ್ಟೇಟ್ ಪಾರ್ಕ್ ಅದು. ಒಳಗೆ ನೂರಕ್ಕೂ ಹೆಚ್ಚು ಕೆರೆಗಳಿವೆ. ಇಟಾಸ್ಕಾ ಕೆರೆಯಿಂದಲೇ ಮಿಸಿಸಿಪ್ಪಿ ನದಿ ಹುಟ್ಟುವುದು.

ಮೊದಲು ಬುಕಿಂಗ್ ವಿಷಯ ಹೇಳಿಬಿಡುತ್ತೇನೆ, ಅಲ್ಲೇ ಜಾಸ್ತಿ ಜನ ಎಡವುವುದು. ಮಿನ್ನೆಸೋಟದ ಸ್ಟೇಟ್ ಪಾರ್ಕ್‌ಗಳಲ್ಲಿ ಜಾಗ ಕಾಯ್ದಿರಿಸೋಕೆ 120 ದಿನ ಮುಂಚೆ ಬಾಗಿಲು ತೆರೆಯುತ್ತದೆ. ಜುಲೈ 3ಕ್ಕೆ ಬೇಕಿದ್ದರೆ ಮಾರ್ಚ್ 5ಕ್ಕೇ ಕೂರಬೇಕು. ಹೊರಗಡೆ ಇನ್ನೂ ಹಿಮ ಬಿದ್ದಿರುತ್ತದೆ, ನಾವು ಕಾಫಿ ಲೋಟ ಹಿಡಿದು ಬೇಸಿಗೆಯ ಜಾಗ ಹುಡುಕುತ್ತಿರುತ್ತೇವೆ. ಪ್ರತಿ ಜಾಗದ ಉದ್ದ ಅಲ್ಲೇ ಬರೆದಿರುತ್ತಾರೆ, ಅದನ್ನು ನೋಡದೆ ಒತ್ತಬೇಡಿ. ನಮ್ಮ ಟ್ರೈಲರ್ ಚಿಕ್ಕದಾಗಿದ್ದೇ ಇಲ್ಲಿ ದೊಡ್ಡ ಲಾಭ. ಮೂವತ್ತು ಅಡಿಯ ಗಾಡಿಗಳು ನುಗ್ಗಲಾಗದ, ಪೈನ್ ಮರಗಳ ನಡುವಿನ ಒಳ್ಳೊಳ್ಳೆ ಜಾಗಗಳು ನಮಗೆ ಸಿಕ್ಕಿವೆ. ಕೊಳ್ಳುವವರಿಗೆ ನನ್ನ ಮಾತು ಇಷ್ಟೇ: ನಿಮ್ಮ ಕುಟುಂಬ ಹಿಡಿಸುವ ಅತಿ ಚಿಕ್ಕದನ್ನು ತಗೊಳ್ಳಿ.

ತೂಕದ ಲೆಕ್ಕ ಮನೆಯಲ್ಲೇ ಮಾಡಿ. ನಮ್ಮ ಕಾರು ಎಳೆಯಬಲ್ಲದ್ದು 5,000 ಪೌಂಡ್. ಖಾಲಿ ಟ್ರೈಲರ್ 3,400. ಇನ್ನೂ ತುಂಬಾ ಉಳಿದಿದೆ ಅನ್ನಿಸುತ್ತೆ ಅಲ್ವಾ? ಒಂದು ಗ್ಯಾಲನ್ ನೀರು 8.3 ಪೌಂಡ್. 40 ಗ್ಯಾಲನ್ ತುಂಬಿಸಿದರೆ 330 ಪೌಂಡ್ ಅಲ್ಲೇ ಹೋಯಿತು. ಮೇಲೆ ಗ್ಯಾಸ್ ಸಿಲಿಂಡರ್, ಬ್ಯಾಟರಿ, ಅಕ್ಕಿ, ಬೇಳೆ, ಕುಕ್ಕರ್, ಮಕ್ಕಳ ಸೈಕಲ್. ಅದಕ್ಕೇ ನಾವು ದಾರಿಗೆ ಬೇಕಾದಷ್ಟು ನೀರು ಮಾತ್ರ ತುಂಬಿಸಿಕೊಂಡು ಹೊರಡುತ್ತೇವೆ, ಉಳಿದದ್ದನ್ನು ಪಾರ್ಕ್‌ನಲ್ಲಿ ಹಿಡಿಯುತ್ತೇವೆ. ಸಾಮಾನು ಮುಂದಕ್ಕೆ ಇಡಬೇಕು. ಹಿಂದೆ ಭಾರ ಜಾಸ್ತಿಯಾದರೆ ಹೆದ್ದಾರಿಯಲ್ಲಿ ಟ್ರೈಲರ್ ಬಾಲದ ಹಾಗೆ ಆಡುತ್ತದೆ. ಪೆಟ್ರೋಲ್ ಖರ್ಚು ಹೆಚ್ಚುಕಮ್ಮಿ ಎರಡರಷ್ಟು. ನಾಲ್ಕು ಗಂಟೆಯ ದಾರಿ ನಮಗೆ ಐದೂವರೆ ಹಿಡಿಯುತ್ತದೆ.

ಇನ್ನು ನೀರು. ನಮ್ಮಂಥ ಅಡುಗೆಯವರು ಇದನ್ನು ಗಮನವಿಟ್ಟು ಓದಬೇಕು. ನಾವು ಉಳಿದುಕೊಳ್ಳುವ ಜಾಗಕ್ಕೆ ಕರೆಂಟ್ ಮಾತ್ರ ಬರುತ್ತದೆ, ನಲ್ಲಿಯಾಗಲಿ ಚರಂಡಿಯಾಗಲಿ ಇಲ್ಲ. ಪಾತ್ರೆ ತೊಳೆದ ನೀರು, ಸ್ನಾನದ ನೀರು ಎಲ್ಲಾ ಟ್ರೈಲರ್ ಕೆಳಗಿನ ಗ್ರೇ ಟ್ಯಾಂಕಿಗೆ ಸೇರುತ್ತದೆ. ಮೊದಲ ಸಲ ಎರಡನೇ ದಿನ ಸಂಜೆಗೇ ಅದು ತುಂಬಿ, ಸ್ನಾನದ ತೊಟ್ಟಿಯಲ್ಲಿ ನೀರು ಮೇಲೆ ಬಂತು. ಸಾರಿನ ಒಗ್ಗರಣೆಯ ಎಣ್ಣೆ ತೇಲುತ್ತಿತ್ತು, ಎರಡು ಕರಿಬೇವಿನ ಎಲೆ ಕೂಡ. ಈಗ ಪಾತ್ರೆಯನ್ನು ಮೊದಲು ಪೇಪರ್ ಟವೆಲ್‌ನಲ್ಲಿ ಒರೆಸಿ ಆಮೇಲೆ ತೊಳೆಯುತ್ತೇವೆ. ಸ್ನಾನಕ್ಕೆ ಪಾರ್ಕ್‌ನ ಶವರ್ ಕಟ್ಟಡ ಇದೆ. ಟ್ರೈಲರ್‌ನ ಬಚ್ಚಲು ಅಮ್ಮನಿಗೆ ಮಾತ್ರ. ಹುಳಿ, ಪಲ್ಯ ಮನೆಯಲ್ಲೇ ಮಾಡಿ ಫ್ರೀಜ್ ಮಾಡಿಕೊಳ್ಳುತ್ತೇವೆ. ಅಲ್ಲಿ ಬರೀ ಅನ್ನ, ಚಿತ್ರಾನ್ನ, ದೋಸೆ. ಹೀಗೆ ಮಾಡಿದ ಮೇಲೆ ಅದೇ ಟ್ಯಾಂಕ್ ನಾಲ್ಕು ದಿನ ಬರುತ್ತಿದೆ. ವಾಪಸ್ ಹೊರಡುವಾಗ ಪಾರ್ಕ್‌ನ ಡಂಪ್ ಸ್ಟೇಷನ್‌ನಲ್ಲಿ ಖಾಲಿ ಮಾಡುತ್ತೇವೆ. ಮೊದಲು ಶೌಚದ ಟ್ಯಾಂಕ್, ಆಮೇಲೆ ಗ್ರೇ, ಆಗ ಪೈಪೂ ತೊಳೆದ ಹಾಗಾಗುತ್ತದೆ.

ಕರೆಂಟ್ 30 ಆಂಪ್, ಅಂದರೆ 3,600 ವ್ಯಾಟ್. ಎಸಿ, ಇಂಡಕ್ಷನ್ ಒಲೆ, ಬಿಸಿನೀರಿನ ಹೀಟರ್ ಮೂರೂ ಒಟ್ಟಿಗೆ ಹಾಕಿದರೆ ಬ್ರೇಕರ್ ಬೀಳುವುದು ಗ್ಯಾರಂಟಿ. ದೋಸೆ ಗ್ಯಾಸಿನಲ್ಲೇ ಹುಯ್ಯಿರಿ, ಕಾವಲಿಯೂ ಚೆನ್ನಾಗಿ ಕಾಯುತ್ತದೆ.

ಟ್ರೈಲರ್‌ನ ದೋಷಗಳನ್ನೂ ಹೇಳಲೇಬೇಕು. ಎರಡನೇ ವರ್ಷ ಚಾವಣಿಯ ಗಾಳಿಕಿಂಡಿಯ ಸುತ್ತ ಸೀಲ್ ಬಿರುಕು ಬಿಟ್ಟು ಮಳೆನೀರು ಇಳಿಯಿತು. ಹಾಸಿಗೆ ಮೇಲಿನ ಹಲಗೆ ಮೆತ್ತಗಾಗಿ, ಬೆರಳಿಟ್ಟರೆ ಒಳಗೆ ಹೋಗುತ್ತಿತ್ತು. ಈಗ ಪ್ರತಿ ಏಪ್ರಿಲ್‌ನಲ್ಲಿ ಏಣಿ ಹತ್ತಿ ಪೂರ್ತಿ ಚಾವಣಿ ನೋಡುತ್ತೇವೆ. ಟೈರ್ ಸವೆದೇ ಇರಲಿಲ್ಲ, ಆದರೂ ಪಕ್ಕದಲ್ಲಿ ಸೀಳು ಬಂದಿತ್ತು. ಟೈರ್ ಮೇಲೆ ತಯಾರಾದ ವಾರ ಮತ್ತು ವರ್ಷದ ನಾಲ್ಕು ಅಂಕಿ ಇರುತ್ತದೆ, ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಅದನ್ನೇ ಮೊದಲು ಓದಿ. ಇಲ್ಲಿಯ ಚಳಿಗೆ ಪೈಪಿನಲ್ಲಿ ಒಂದು ತೊಟ್ಟು ನೀರೂ ಉಳಿಯಬಾರದು. ಮೊದಲ ವರ್ಷ ಪಂಪಿನಲ್ಲಿ ಉಳಿದು ಅದು ಒಡೆಯಿತು. ಅಕ್ಟೋಬರ್ ಬಂತೆಂದರೆ ನೀರೆಲ್ಲ ತೆಗೆದು ಗುಲಾಬಿ ಬಣ್ಣದ ಆಂಟಿಫ್ರೀಜ್, ಅಂದರೆ ಚಳಿಗೆ ಹೆಪ್ಪುಗಟ್ಟದ ದ್ರವ, ಹಾಯಿಸುತ್ತೇವೆ.

ಹೊರಡುವ ಮುಂಚೆ ಇನ್ನೂ ಒಂದೆರಡು. ಸೌದೆ ಮನೆಯಿಂದ ಒಯ್ಯಬೇಡಿ. ಮರ ಕೊಲ್ಲುವ ಹುಳ ಅದರ ಜೊತೆಗೇ ಕಾಡಿಗೆ ಹೋಗುತ್ತದೆ, ಪಾರ್ಕ್‌ನಲ್ಲೇ ಕೊಳ್ಳಿ. ಕೊನೆಯ ದೊಡ್ಡ ದಿನಸಿ ಅಂಗಡಿ ಪಾರ್ಕ್ ರ್‍ಯಾಪಿಡ್ಸ್ ಊರಿನಲ್ಲಿ, ಸುಮಾರು 20 ಮೈಲಿ ದೂರ. ಸೊಳ್ಳೆ ವಿಪರೀತ.

ಇಷ್ಟೆಲ್ಲ ಕಷ್ಟಪಟ್ಟು ಯಾಕೆ ಹೋಗಬೇಕು ಅಂದರೆ, ಮೊದಲ ರಾತ್ರಿ ಅಮ್ಮ ನನ್ನನ್ನು ಎಬ್ಬಿಸಿ, "ಯಾರೇ ಅದು ಅಳ್ತಿರೋದು?" ಅಂದರು. ಕೆರೆಯ ಮೇಲೆ ಲೂನ್ ಹಕ್ಕಿ ಕೂಗುತ್ತಿತ್ತು. ಕಿಟಕಿ ಜಾಲರಿ ಪಕ್ಕ, ಶಾಲು ಹೊದ್ದು, ಹಾಸಿಗೆಯಲ್ಲೇ ಕೂತು ಅವರು ಅರ್ಧ ಗಂಟೆ ಕೇಳಿದರು. ಬೆಳಗ್ಗೆ ನದಿ ಹುಟ್ಟುವ ಜಾಗಕ್ಕೆ ಹೋದೆವು. ಸಾಲಾಗಿ ಕಲ್ಲುಗಳಿವೆ, ಅದರಾಚೆ ಮೊಣಕಾಲುದ್ದ ನೀರು. ಅಮ್ಮ ಸೀರೆ ನೆರಿಗೆ ಎತ್ತಿ ಹಿಡಿದು, ನನ್ನ ಭುಜದ ಮೇಲೆ ಕೈಯಿಟ್ಟು ಇಳಿದರು. ತಲಕಾವೇರಿಯಲ್ಲಿ ಮಾಡಿದ ಹಾಗೇ ಮೂರು ಸಲ ನೀರು ತಲೆಗೆ ಹಾಕಿಕೊಂಡರು. ಇಲ್ಲಿಂದ ಹೊರಟ ನೀರು ಸಮುದ್ರ ಸೇರೋಕೆ ಸುಮಾರು 90 ದಿನ ಬೇಕು ಅಂತ ಹೇಳಿದೆ. "ಅಷ್ಟರಲ್ಲಿ ನಾನು ಊರಿಗೆ ಹೋಗಿರ್ತೀನಿ" ಅಂದರು.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಆ ಚಾವಣಿಗೆ ಕಳೆದದ್ದು. ಮನೆಗೆ ಹಿರಿಯರು ಬರುವವರಿದ್ದರೆ ಕೊಳ್ಳುವ ಮುಂಚೆ ಒಂದು ವಾರಾಂತ್ಯ ಬಾಡಿಗೆಗೆ ತಗೊಂಡು ನೋಡಿ. ಮೆಟ್ಟಿಲು ಅವರಿಗೆ ಹತ್ತೋಕಾಗುತ್ತಾ, ಹಾಸಿಗೆ ಎತ್ತರ ಸರಿಯಿದೆಯಾ ಅನ್ನೋದು ಅವರೇ ಹತ್ತಿ, ಮಲಗಿ ನೋಡಿದರೆ ಮಾತ್ರ ಗೊತ್ತಾಗುತ್ತದೆ. ನಮ್ಮ ಟ್ರೈಲರ್ ಬಾಗಿಲ ಪಕ್ಕ ಒಂದು ಹಿಡಿಕೆ, ಕೆಳಗೆ ಒಂದು ಅಗಲದ ಮಣೆ ಸೇರಿಸಿದ್ದೇವೆ. ಅದೆರಡಕ್ಕೂ ಜಾಸ್ತಿ ಖರ್ಚಾಗಲಿಲ್ಲ.