ಮೈಸೂರಿನ ನೀರು, ಒಳಚರಂಡಿ, ಕಸ, ರಸ್ತೆ: ಪಾಲಿಕೆಯ ಸೇವೆಗಳ ಬಗ್ಗೆ ಒಬ್ಬ ನಿವಾಸಿಯ ವಿಮರ್ಶೆ

ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಹಿತ್ತಿಲುಗಳ ನಡುವೆ ಕಿರಿದಾದ ಓಣಿಯೊಂದು ಹಾದುಹೋಗುತ್ತದೆ. ಇಲ್ಲಿನವರು ಅದನ್ನು ಇಂದಿಗೂ ಕನ್ಸರ್ವೆನ್ಸಿ ಎಂದೇ ಕರೆಯುತ್ತಾರೆ. ಮನೆಗಳಿಗೆ ಒಳಚರಂಡಿ ಇಲ್ಲದಿದ್ದ ಕಾಲದಲ್ಲಿ ಮಲ ಸಾಗಿಸುವ ಅಮಾನವೀಯ ಕೆಲಸ ಮುಂಬೀದಿಯವರ ಕಣ್ಣಿಗೆ ಬೀಳದಂತೆ ನಡೆಯಲೆಂದು ಬಿಟ್ಟ ದಾರಿ ಅದು. ಮುಂದೆ ಅದೇ ಓಣಿಯಲ್ಲಿ ಕೊಳವೆಗಳು ಬಂದವು, ಮ್ಯಾನ್‌ಹೋಲ್‌ಗಳು ಬಂದವು. ನಾನು ವಾಸಿಸುವ ಮನೆಯ ಹಿಂದೆಯೂ ಅಂತಹದೊಂದು ಓಣಿ ಇದೆ. ನಗರದ ಮುಖ್ಯರಸ್ತೆಗಳನ್ನು ದಸರೆಯ ಹೊತ್ತಿಗೆ ಯಾರು ಬೇಕಾದರೂ ಅಂದಗೊಳಿಸಬಹುದು. ವರ್ಷದ ಉಳಿದ ದಿನಗಳಲ್ಲಿ ಯಾರೂ ನೋಡದ ಆ ಓಣಿ ಹೇಗಿದೆ ಎಂಬುದರಿಂದಲೇ ಪಾಲಿಕೆಯ ನಿರ್ವಹಣೆಯನ್ನು ಅಳೆಯಬೇಕೆಂದು ನನಗೆ ಅನ್ನಿಸುತ್ತದೆ. ಈ ವಿಮರ್ಶೆಯನ್ನು ಬರೆದಿರುವುದು ಆ ದೃಷ್ಟಿಯಿಂದ.

ಮೈಸೂರಿಗೆ ಬರುವ ಮೊದಲು ನಾನು ಹಲವು ವರ್ಷ ಬೇರೊಂದು ಪಟ್ಟಣದಲ್ಲಿದ್ದೆ. ಅಲ್ಲಿ ಒಳಚರಂಡಿಯ ಹೊಸ ಕಾಮಗಾರಿ ಮುಗಿದ ಎರಡನೆಯ ಮಳೆಗಾಲದಲ್ಲಿಯೇ ನಮ್ಮ ಬೀದಿಯ ಮ್ಯಾನ್‌ಹೋಲ್ ಉಕ್ಕಲು ತೊಡಗಿತು. ದೂರು ಕೊಟ್ಟಾಗಲೆಲ್ಲ ಕಟ್ಟಿಕೊಂಡದ್ದನ್ನು ಬಿಡಿಸಿ ಹೋಗುತ್ತಿದ್ದರೇ ಹೊರತು, ಅದು ಪದೇ ಪದೇ ಅಲ್ಲಿಯೇ ಏಕೆ ಕಟ್ಟಿಕೊಳ್ಳುತ್ತಿದೆ ಎಂದು ಯಾರೂ ನೋಡಲಿಲ್ಲ. ಕೊನೆಗೆ ಒಬ್ಬ ಹಿರಿಯ ಮೇಸ್ತ್ರಿ ಬಂದು, ಕೊಳವೆಗೆ ಸಾಕಷ್ಟು ಇಳಿಜಾರು ಕೊಟ್ಟಿಲ್ಲವೆಂದೂ ಮನೆಗಳ ಮಹಡಿಯ ಮಳೆನೀರನ್ನೆಲ್ಲ ಅದಕ್ಕೇ ಬಿಟ್ಟಿದ್ದಾರೆಂದೂ ಹತ್ತು ನಿಮಿಷದಲ್ಲಿ ತೋರಿಸಿಕೊಟ್ಟರು. ಒಳಚರಂಡಿಯನ್ನು ಕಟ್ಟುವುದಕ್ಕೂ ನಡೆಸಿಕೊಂಡು ಹೋಗುವುದಕ್ಕೂ ಇರುವ ಅಂತರ ನನಗೆ ತಿಳಿದದ್ದು ಅಂದು.

ಮೈಸೂರಿಗೆ ಈ ವಿಷಯದಲ್ಲಿ ನೆಲವೇ ನೆರವಾಗಿದೆ. ನಗರ ಕುಳಿತಿರುವುದು ಕಾವೇರಿ ಮತ್ತು ಕಬಿನಿ ಜಲಾನಯನಗಳ ನಡುವಿನ ಏರಿನ ಮೇಲೆ. ಉತ್ತರದ ಭಾಗದ ನೀರು ಕೆಸರೆಯ ಕಡೆಗೆ ಹರಿದರೆ ದಕ್ಷಿಣದ ನೀರು ವಿದ್ಯಾರಣ್ಯಪುರಂ ಮತ್ತು ರಾಯನಕೆರೆಯ ಕಡೆಗೆ ಇಳಿಯುತ್ತದೆ. ಕೊಳಚೆ ನೀರು ಸಂಸ್ಕರಣಾ ಘಟಕಗಳು ಈ ಮೂರು ಕಡೆ ಇರುವುದು ಅದೇ ಕಾರಣಕ್ಕೆ. ಕೊಳಚೆಯ ಬಹುಭಾಗ ಪಂಪಿನ ಹಂಗಿಲ್ಲದೆ ತನ್ನಷ್ಟಕ್ಕೆ ಹರಿಯುವುದರಿಂದ ವಿದ್ಯುತ್ ಕೈಕೊಟ್ಟ ರಾತ್ರಿಯೂ ಮನೆಯೊಳಗೆ ಕೊಳಚೆ ಮೇಲೇರುವುದಿಲ್ಲ. ಈ ಅನುಕೂಲದ ಬೆಲೆ ಸಮತಟ್ಟಾದ ಊರುಗಳಲ್ಲಿ ಬದುಕಿದವರಿಗೆ ಗೊತ್ತು. ಆದರೆ ಇಳಿಜಾರು ತಾನಾಗಿ ಕೊಳವೆಯನ್ನು ಶುಚಿಯಾಗಿಡುವುದಿಲ್ಲ. ಅಡುಗೆಮನೆಯ ಜಿಡ್ಡು, ಹೋಟೆಲುಗಳ ಎಣ್ಣೆ, ಕೂದಲು, ಬಟ್ಟೆಯ ಚೂರು ಒಂದೆಡೆ ಸೇರಿ ಗಟ್ಟಿಯಾದರೆ ಅದನ್ನು ಒಡೆಯಲು ಜೆಟ್ಟಿಂಗ್ ಯಂತ್ರವೇ ಬೇಕು. ನಮ್ಮ ಓಣಿಗೆ ಆ ಯಂತ್ರ ಬಂದು, ಕೆಲಸಗಾರರು ಮೇಲೆಯೇ ನಿಂತು ಒತ್ತಡದ ನೀರು ಹಾಯಿಸಿ ಹೂಳು ತೆಗೆದುದನ್ನು ನಾನು ಹಲವು ಸಲ ಕಂಡಿದ್ದೇನೆ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಮ್ಯಾನ್‌ಹೋಲಿಗೆ ಇಳಿಸುವುದನ್ನು ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ. ಯಂತ್ರ ತಡವಾಗುತ್ತದೆಂದು ಖಾಸಗಿಯಾಗಿ ಯಾರನ್ನಾದರೂ ಕರೆಸಿ ಇಳಿಸುವ ಮನೆ ಮಾಲೀಕರು ಪ್ರಾಣವೊಂದನ್ನು ಪಣಕ್ಕಿಡುತ್ತಿದ್ದಾರೆಂದು ಇಲ್ಲಿ ಹೇಳದೆ ಇರಲಾರೆ. ಒಳಚರಂಡಿಯ ಸೇವೆಯಲ್ಲಿ ನಾನು ಹೆಚ್ಚು ಮೆಚ್ಚುವುದು ಹಳೆಯ ಬಡಾವಣೆಗಳನ್ನು ಬಲ್ಲ ಸಿಬ್ಬಂದಿಯ ನೆನಪನ್ನು. ಯಾವ ಕೊಳವೆ ಎಲ್ಲಿ ತಿರುಗುತ್ತದೆ, ಯಾವ ಮುಚ್ಚಳ ಟಾರಿನಡಿ ಹೂತುಹೋಗಿದೆ ಎಂಬುದು ಅವರಿಗೆ ಬಾಯಿಪಾಠ. ಅವರು ನಿವೃತ್ತರಾಗುವ ಮೊದಲು ಆ ತಿಳಿವಳಿಕೆಯೆಲ್ಲ ನಕ್ಷೆಗೆ ಇಳಿಯಬೇಕು.

ಸಂಸ್ಕರಣಾ ಘಟಕಗಳ ಆಚೆಗಿನ ಚಿತ್ರ ಇಷ್ಟು ಸಮಾಧಾನಕರವಾಗಿಲ್ಲ. ನಗರ ತನ್ನ ಎಲ್ಲೆಯನ್ನು ಮೀರಿ ಬೆಳೆದಿದೆ. ಹೊರವಲಯದ ಬಡಾವಣೆಗಳು ಹೂಟಗಳ್ಳಿ ನಗರಸಭೆ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಲ್ಲಿ ಹಂಚಿಹೋದವು. ನಿವೇಶನ ಮಾಡುವವರು ಒಬ್ಬರು, ತೆರಿಗೆ ಪಡೆಯುವವರು ಇನ್ನೊಬ್ಬರು, ಕೊಳಚೆಗೆ ಹೊಣೆಗಾರರು ಮತ್ತೊಬ್ಬರು ಆದಾಗ ಆ ಕೊಳಚೆ ಸೇರುವುದು ಸಮೀಪದ ಕೆರೆಯನ್ನು. ದಳವಾಯಿ ಕೆರೆಯ ದಂಡೆಯ ಮೇಲೆ ನಿಂತವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಕೊಳಚೆಗೆ ಅನುಕೂಲವಾದ ಅದೇ ಏರು ಕುಡಿಯುವ ನೀರಿಗೆ ತೊಡಕಾಗಿದೆ. ನದಿಗಳು ಕೆಳಗೆ, ಊರು ಮೇಲೆ. ಪೂರ್ಣಯ್ಯನವರು ದಿವಾನರಾಗಿದ್ದಾಗ ನಾಲೆ ತೋಡಿಸಿ ಕಾವೇರಿಯನ್ನು ನಗರಕ್ಕೆ ತರಲು ಮಾಡಿದ ಯತ್ನ ಕೈಗೂಡಲಿಲ್ಲ. ಆ ನಾಲೆ ಮುಂದೆ ಕೊಳಕು ಹರಿಯುವ ಕಾಲುವೆಯಾಯಿತು. ಇಂದು ಹೊಂಗಳ್ಳಿ, ಬೆಳಗೊಳ, ಮೇಳಾಪುರಗಳಿಂದ ಕಾವೇರಿಯ ನೀರನ್ನೂ ಬಿದರಗೂಡಿನಿಂದ ಕಬಿನಿಯ ನೀರನ್ನೂ ಎತ್ತಿ, ಎತ್ತರದ ಜಲಸಂಗ್ರಹಾಗಾರಗಳಿಗೆ ತುಂಬಿಸಿ ಹಂಚಲಾಗುತ್ತದೆ. ವಿತರಣೆಯನ್ನು ನೋಡಿಕೊಳ್ಳುವುದು ಪಾಲಿಕೆಯ ವಾಣಿ ವಿಲಾಸ ನೀರು ಸರಬರಾಜು ವಿಭಾಗ. ಒಳಚರಂಡಿ ಇರುವ ನಗರಗಳಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಕೊಡಬೇಕೆಂಬುದು ಕೇಂದ್ರದ ಮಾನದಂಡ. ಕುಡಿಯುವುದಕ್ಕೂ ಅಡುಗೆಗೂ ಅದರ ಅಲ್ಪಭಾಗ ಸಾಕು. ಉಳಿದ ನೀರು ಬಳಕೆಯಾಗಿ ಮನೆಯಿಂದ ಹೊರಬಿದ್ದರೆ ಮಾತ್ರ ಒಳಚರಂಡಿಯ ಕೊಳವೆಯಲ್ಲಿ ಹೊಲಸು ನಿಲ್ಲದೆ ಸಾಗುತ್ತದೆ. ಹೀಗಾಗಿ ನೀರು ಕಡಿಮೆಯಾದ ಬಡಾವಣೆಯಲ್ಲಿ ಸ್ವಲ್ಪ ದಿನಗಳಲ್ಲೇ ಚರಂಡಿಯ ದೂರೂ ಏಳುತ್ತದೆ. ಈ ಎರಡು ದೂರುಗಳನ್ನು ಒಂದೇ ಮೇಜಿನ ಮೇಲಿಟ್ಟು ನೋಡುವ ಅಭ್ಯಾಸ ಬೆಳೆಯಬೇಕು.

ನಮ್ಮ ಬೀದಿಗೆ ನೀರು ಹೇಳಿದ ಸಮಯಕ್ಕೆ ಬರುತ್ತದೆ. ವ್ಯತ್ಯಯವಿದ್ದರೆ ಹಿಂದಿನ ದಿನವೇ ಪತ್ರಿಕೆಯಲ್ಲಿ ಪ್ರಕಟಣೆ ಇರುತ್ತದೆ. ಗುಣಮಟ್ಟದ ಬಗ್ಗೆ ಓದುಗರಿಗೆ ಒಂದು ಸಲಹೆ: ನಲ್ಲಿಯ ನೀರಿನಲ್ಲಿ ಉಳಿಕೆ ಕ್ಲೋರಿನ್ (ಶುದ್ಧೀಕರಣಕ್ಕೆಂದು ಬೆರೆಸಿದ್ದರಲ್ಲಿ ಉಳಿದದ್ದು) ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಕ್ಲೋರೋಸ್ಕೋಪ್ ಎಂಬ ಸಣ್ಣ ಸಾಧನದಿಂದ ಮನೆಯಲ್ಲೇ ಇದನ್ನು ನೋಡಬಹುದು. ಮೊದಲು ಸರಿಯಾಗಿದ್ದ ಕ್ಲೋರಿನ್ ಏಕಾಏಕಿ ಸೊನ್ನೆಗೆ ಇಳಿದರೆ ಎಲ್ಲೋ ಕೊಳವೆ ಒಡೆದು ಹೊರಗಿನ ಕೊಳೆ ಸೇರುತ್ತಿರಬಹುದು. ನೀರಿಗೆ ವಾಸನೆ ಬರುವವರೆಗೆ ಕಾಯದೆ ಕೂಡಲೇ ತಿಳಿಸಬೇಕು.

ಕಸದ ವಿಷಯಕ್ಕೆ ಬಂದರೆ, ಸ್ವಚ್ಛ ಸರ್ವೇಕ್ಷಣೆಯ 2016ರ ಪಟ್ಟಿಯಲ್ಲಿ 73 ನಗರಗಳ ಪೈಕಿ ಮೈಸೂರು ಮೊದಲ ಸ್ಥಾನ ಪಡೆದದ್ದು ಎಲ್ಲರಿಗೂ ನೆನಪಿದೆ. ಆ ಕೀರ್ತಿಯ ದೊಡ್ಡ ಪಾಲು ಬೆಳಕು ಹರಿಯುವ ಮುನ್ನ ಪೊರಕೆ ಹಿಡಿಯುವ ಪೌರಕಾರ್ಮಿಕರಿಗೆ ಸಲ್ಲಬೇಕು. ನಮ್ಮ ಬೀದಿಯನ್ನು ಗುಡಿಸುವ ತಾಯಿ ಹಸಿ ಕಸ, ಒಣ ಕಸ ಬೆರೆಸಿಕೊಟ್ಟ ಮನೆಯವರಿಗೆ ಬೇಸರಿಸದೆ ಮತ್ತೆ ಮತ್ತೆ ತಿಳಿಹೇಳುತ್ತಾರೆ. 2016ರ ಘನತ್ಯಾಜ್ಯ ನಿಯಮಗಳು ಮನೆಯಲ್ಲೇ ಕಸ ಬೇರ್ಪಡಿಸುವ ಹೊಣೆಯನ್ನು ನಮಗೆ ವಹಿಸಿದವು. ನಾವು ತಪ್ಪಿದ್ದನ್ನು ಅವರು ಬರಿಗೈಯಿಂದ ತಿದ್ದುವಂತಾಗಬಾರದು. ಕುಂಬಾರಕೊಪ್ಪಲಿನ ಶೂನ್ಯ ತ್ಯಾಜ್ಯ ಘಟಕವನ್ನು ನೋಡಿಬಂದವರಿಗೆ ಬೇರ್ಪಟ್ಟ ಕಸ ಹೇಗೆ ಗೊಬ್ಬರವೂ ಮಾರಾಟದ ವಸ್ತುವೂ ಆಗುತ್ತದೆಂಬುದು ಮನವರಿಕೆಯಾಗುತ್ತದೆ. ಮಕ್ಕಳನ್ನು ಕರೆದೊಯ್ದು ತೋರಿಸಲು ಯೋಗ್ಯವಾದ ಜಾಗ ಅದು. ಬೆರೆತ ಕಸ ಏನಾಗುತ್ತದೆ ಎಂಬುದನ್ನು ನೋಡಬೇಕಾದರೆ ವಿದ್ಯಾರಣ್ಯಪುರಂನ ಸೂಯೇಜ್ ಫಾರ್ಮ್‌ಗೆ ಹೋಗಬೇಕು. ಅಲ್ಲಿ ದಶಕಗಳಿಂದ ಬಿದ್ದು ಗುಡ್ಡವಾದ ಕಸದ ದುರ್ನಾತವನ್ನು ಸುತ್ತಲಿನ ನಿವಾಸಿಗಳು ಉಂಡಿದ್ದಾರೆ. ಅವರೂ ನನ್ನಂತೆಯೇ ತೆರಿಗೆ ಕಟ್ಟುವವರು. ನನ್ನ ಬೀದಿ ಸ್ವಚ್ಛವಾಗಿರುವ ಬೆಲೆಯನ್ನು ಅವರು ತೆತ್ತಿರುವುದು ನನ್ನನ್ನು ಕಾಡುತ್ತದೆ.

ಬೀದಿದೀಪಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಕಡೆ ಅವು ಚೆನ್ನಾಗಿ ಉರಿಯುತ್ತವೆ. ರಸ್ತೆಗಳಲ್ಲಿ ಗುಂಡಿ ಬೀಳಲು ಮುಖ್ಯ ಕಾರಣ ನೀರು: ಮಳೆನೀರಿನ ಮೋರಿ ಹೂಳು ತುಂಬಿದ್ದರೆ ನೀರು ರಸ್ತೆಯಲ್ಲೇ ನಿಲ್ಲುತ್ತದೆ, ಬಿರುಕಿನಿಂದ ಒಳಗಿಳಿದು ಜಲ್ಲಿಯನ್ನು ಹಿಡಿದಿಟ್ಟ ಟಾರನ್ನು ಸಡಿಲಿಸುತ್ತದೆ, ಮೇಲೆ ವಾಹನ ಹಾದಾಗ ಪದರ ಕಿತ್ತುಬರುತ್ತದೆ. ಆದ್ದರಿಂದ ಏಪ್ರಿಲ್, ಮೇ ತಿಂಗಳಲ್ಲಿ ಮೋರಿಯ ಹೂಳೆತ್ತಿದರೆ ಆಗಸ್ಟಿನಲ್ಲಿ ಗುಂಡಿ ಮುಚ್ಚುವ ಖರ್ಚು ಇಳಿಯುತ್ತದೆ. ಗುಂಡಿಯ ಅಂಚನ್ನು ಚೌಕವಾಗಿ ಕತ್ತರಿಸಿ, ಧೂಳು ತೆಗೆದು, ತೆಳುವಾಗಿ ಟಾರು ಬಳಿದು, ಬಿಸಿ ಮಿಶ್ರಣ ಹಾಕಿ ರೋಲರ್ ಹಾಯಿಸಿದ ತೇಪೆ ನಿಲ್ಲುತ್ತದೆ. ಹಸಿ ಗುಂಡಿಗೆ ಮಿಶ್ರಣ ಸುರಿದು ಸಲಿಕೆಯಿಂದ ತಟ್ಟಿದ್ದು ನಿಲ್ಲುವುದಿಲ್ಲ. ತೇಪೆ ಹಾಕುವುದನ್ನು ಕಂಡಾಗ ನಾಗರಿಕರು ಐದು ನಿಮಿಷ ನಿಂತು ನೋಡುವುದು ಒಳ್ಳೆಯದು.

ನಿರ್ವಹಣೆಯನ್ನು ಮುಂದೂಡಿದರೆ ಏನಾಗುತ್ತದೆಂಬುದಕ್ಕೆ ಈ ನಗರದಲ್ಲಿ ನೋವಿನ ಉದಾಹರಣೆಗಳಿವೆ. 2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ನಾಲ್ಕು ವರ್ಷಗಳ ನಂತರ, 2016ರ ಆಗಸ್ಟಿನಲ್ಲಿ, ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವ ಬಿದ್ದಿತು. ಎರಡೂ ಪಾಲಿಕೆಯ ಆಸ್ತಿಗಳು, ಎರಡೂ ಮಳೆಗಾಲದಲ್ಲಿ ಕುಸಿದವು. ಕೆಡವಬೇಕೋ ಉಳಿಸಬೇಕೋ ಎಂಬ ಚರ್ಚೆ ಅಂದಿನಿಂದ ವರ್ಷಗಟ್ಟಲೆ ನಡೆಯಿತು. ಸುಣ್ಣದ ಗಾರೆಯ ಹಳೆಯ ಕಟ್ಟಡಕ್ಕೆ ನೀರು ಇಳಿಯದಂತೆ ಚಾವಣಿಯನ್ನು ನೋಡಿಕೊಳ್ಳುವುದು, ಗೋಡೆಯಲ್ಲಿ ಹುಟ್ಟಿದ ಅರಳಿಯ ಸಸಿಯನ್ನು ಬೇರು ಇಳಿಯುವ ಮೊದಲೇ ಕೀಳುವುದು ದೊಡ್ಡ ಟೆಂಡರು ಬೇಡುವ ಕೆಲಸಗಳಲ್ಲ. ಪ್ರತಿ ವರ್ಷ ಮಳೆಗೆ ಮುಂಚೆ ಒಬ್ಬರು ಏಣಿ ಹಾಕಿ ಹತ್ತಿ ನೋಡಬೇಕು, ಅಷ್ಟೆ.

ಪ್ಲೇಗು ಹಾವಳಿಯ ನಂತರ, 1903ರಲ್ಲಿ, ಇಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಸ್ಥಾಪನೆಯಾಯಿತು. ಅಗಲವಾದ ಬೀದಿ, ಗಾಳಿ ಬೆಳಕು, ಮನೆ ಹಿಂದಿನ ಓಣಿ ಎಲ್ಲವೂ ಆರೋಗ್ಯದ ಭಯದಿಂದ ಹುಟ್ಟಿದ ಎಚ್ಚರಗಳು. ಇಂದಿನ ಎಚ್ಚರ ಯಾರಲ್ಲಿದೆ ಎಂಬ ಪ್ರಶ್ನೆಗೆ ಉತ್ತರ ಕಷ್ಟ. ಪಾಲಿಕೆಗೆ 65 ವಾರ್ಡುಗಳಿವೆ. ಚುನಾಯಿತ ಸದಸ್ಯರ ಅವಧಿ 2023ರ ನವೆಂಬರಿನಲ್ಲಿ ಮುಗಿದ ಬಳಿಕ ಅಧಿಕಾರ ಆಡಳಿತಾಧಿಕಾರಿಯ ಕೈ ಸೇರಿತು. ವಾರ್ಡಿನಲ್ಲಿ ಮಾತನಾಡಿಸಬಹುದಾದ ಸದಸ್ಯರು ಇಲ್ಲದಾಗ ಅಜ್ಜಿಯೊಬ್ಬರು ತಮ್ಮ ಮನೆ ಮುಂದಿನ ಚರಂಡಿಗಾಗಿ ವಲಯ ಕಚೇರಿಯವರೆಗೆ ಹೋಗಬೇಕಾಗುತ್ತದೆ. ಇದೊಂದು ಕೊರತೆ ಉಳಿದೆಲ್ಲ ಸೇವೆಗಳ ಮೇಲೆ ನೆರಳು ಚೆಲ್ಲುತ್ತದೆ.

ಮೈಸೂರಿಗೆ ಹೊಸದಾಗಿ ಬಂದವರು ದೂರು ಕೊಡುವಾಗ ಕೆಲವು ಸಂಗತಿ ಗಮನಿಸಿದರೆ ಕೆಲಸ ಬೇಗ ಆಗುತ್ತದೆ. ಬೀದಿದೀಪವಾದರೆ ಕಂಬದ ಮೇಲಿನ ಸಂಖ್ಯೆಯನ್ನೂ, ಒಳಚರಂಡಿಯಾದರೆ ಉಕ್ಕುತ್ತಿರುವ ಮ್ಯಾನ್‌ಹೋಲಿನ ಜೊತೆಗೆ ಅದರ ಮೇಲಿನದು, ಕೆಳಗಿನದು ತುಂಬಿವೆಯೇ ಎಂಬುದನ್ನೂ ಬರೆಯಿರಿ. ತಡೆ ಎರಡರ ನಡುವೆ ಎಲ್ಲಿದೆ ಎಂದು ಸಿಬ್ಬಂದಿಗೆ ಅದರಿಂದಲೇ ತಿಳಿಯುತ್ತದೆ. ನೀರಿನ ದೂರಾದರೆ ಬಿಲ್ಲಿನ ಸಂಪರ್ಕ ಸಂಖ್ಯೆಯೂ ನೀರು ಬಂದು ನಿಂತ ಸಮಯವೂ ಇರಲಿ. ದೂರಿನ ಸಂಖ್ಯೆ ಕೇಳಿ ಪಡೆದುಕೊಳ್ಳಿ, ಕೆಲಸವಾದ ಮೇಲೆ ಬಂದವರಿಗೆ ಒಂದು ಲೋಟ ನೀರು ಕೊಡಿ.