ಪೇಟೆಂಟ್ ಲೆದರ್ ಶೂಗಳ ಕಲೆ ತೆಗೆಸಲು ಅಂಗಡಿಗೆ ಕೊಡುವ ಮುನ್ನ

ಮುಖ ಕಾಣುವಷ್ಟು ಹೊಳೆಯುವ ಪೇಟೆಂಟ್ ಲೆದರ್ ಶೂಗಳ ಮೇಲೆ ಬಿದ್ದ ಉಜ್ಜಿದ ಕಲೆಗಳನ್ನು ತೆಗೆದುಕೊಡುತ್ತೇವೆ ಎನ್ನುವ ಅಂಗಡಿಯವರು ಅದಕ್ಕೆ ಯಾವ ದ್ರವ ಬಳಸುತ್ತಾರೆ ಎಂಬುದನ್ನು ಕೇಳಿ ತಿಳಿಯದೆ ಶೂಗಳನ್ನು ಅವರ ಕೈಗೆ ಒಪ್ಪಿಸಬೇಡಿ. ಉತ್ತರ ಥಿನ್ನರ್, ಪೆಟ್ರೋಲ್ ಅಥವಾ ನೇಲ್ ಪಾಲಿಶ್ ರಿಮೂವರ್ ಎಂದಾದರೆ, ಇಲ್ಲವೇ ‘ಅದೆಲ್ಲ ನಮಗೆ ಬಿಡಿ’ ಎಂದಾದರೆ, ಕಲೆಯ ಸಮೇತ ಮನೆಗೆ ಹಿಂತಿರುಗುವುದೇ ಲೇಸು. ಶಿವಮೊಗ್ಗದಲ್ಲಿ ನಮ್ಮ ಮನೆಯ ಒಂದು ಜೊತೆ ಶೂ ಹಾಳಾದ ಬಗೆಯನ್ನು ಇಲ್ಲಿ ತುಸು ವಿವರವಾಗಿಯೇ ಬರೆಯುತ್ತಿದ್ದೇನೆ. ಮದುವೆಗಳ ಕಾಲ ಮುಗಿದು ಮಳೆ ಹಿಡಿಯುವ ಹೊತ್ತಿಗೆ ಇಂಥ ಶೂಗಳನ್ನು ಒಮ್ಮೆ ಕ್ಲೀನ್ ಮಾಡಿಸಿ ಎತ್ತಿಡೋಣ ಎಂದುಕೊಳ್ಳುವುದು ಮಲೆನಾಡಿನ ಹಲವು ಮನೆಗಳಲ್ಲಿ ಇರುವ ವಾಡಿಕೆಯೇ ಆದ್ದರಿಂದ, ಓದಿದವರಲ್ಲಿ ಒಬ್ಬಿಬ್ಬರ ಶೂಗಳಾದರೂ ಉಳಿದಾವು.

ಶೂ ನನ್ನ ತಮ್ಮನದು. ಆರತಕ್ಷತೆಯ ಸೂಟಿಗೆ ಒಪ್ಪಲೆಂದು ನಾಲ್ಕು ಸಾವಿರಕ್ಕೂ ಮೇಲ್ಪಟ್ಟು ಹಣ ಕೊಟ್ಟು ಕೊಂಡದ್ದು. ತೀರ್ಥಹಳ್ಳಿಯ ಛತ್ರದಲ್ಲಿ ಊಟದ ಪಂಕ್ತಿಗೆ ಹೋಗುವಾಗ ಅದನ್ನು ಬಾಗಿಲ ಬಳಿ ಬಿಟ್ಟಿದ್ದ. ನಮ್ಮ ಕಡೆಯ ಛತ್ರಗಳ ಬಾಗಿಲಲ್ಲಿ ಚಪ್ಪಲಿಗಳು ಹೇಗೆ ಒಂದರ ಮೇಲೊಂದು ಬಿದ್ದಿರುತ್ತವೆ, ಅವಸರದಲ್ಲಿರುವವರು ಅವುಗಳ ಮೇಲೆಯೇ ಹೇಗೆ ಕಾಲಿಟ್ಟು ನಡೆಯುತ್ತಾರೆ ಎಂಬುದನ್ನು ವಿವರಿಸಬೇಕಾಗಿಲ್ಲ. ಪಂಕ್ತಿ ಮುಗಿದು ಹೊರಬರುವಷ್ಟರಲ್ಲಿ ಎಡಗಾಲಿನ ಶೂವಿನ ಮೂತಿಯ ಮೇಲೆ ಯಾರದೋ ರಬ್ಬರ್ ಅಟ್ಟೆಯ ಬೂದು ಬಣ್ಣ ಎರಡು ಬೆರಳಗಲ ಮೆತ್ತಿಕೊಂಡಿತ್ತು. ಬಲಗಾಲಿನದರ ಹಿಮ್ಮಡಿಯ ಬಳಿ, ಜಂಬಿಟ್ಟಿಗೆಯ ಮೆಟ್ಟಿಲಿಗೆ ತಾಗಿದ್ದರಿಂದ, ಉಗುರಿಗೆ ತಾಕುವಂಥ ಒಂದು ಸಣ್ಣ ಗೀರು ಬಿದ್ದಿತ್ತು. ಈ ಎರಡೂ ಬೇರೆ ಬೇರೆ ಜಾತಿಯ ಹಾನಿಗಳು. ಮೊದಲನೆಯದು ಮೇಲೆ ಅಂಟಿದ್ದು, ಹೋಗುವಂಥದ್ದು. ಎರಡನೆಯದು ಒಳಗೆ ಕೊಯ್ದದ್ದು, ಹೋಗದಂಥದ್ದು. ಅಂಗಡಿಯಾತ ಎರಡನ್ನೂ ಒಂದೇ ಕಣ್ಣಿನಿಂದ ನೋಡಿದ್ದರಲ್ಲಿಯೇ ಮುಂದಿನ ಅನಾಹುತದ ಬೀಜವಿತ್ತು.

ಪೇಟೆಂಟ್ ಲೆದರಿನ ಹೊಳಪು ಚರ್ಮದ್ದಲ್ಲ, ಅದರ ಮೇಲಿನ ಲೇಪನದ್ದು. 19ನೇ ಶತಮಾನದ ಆರಂಭದಲ್ಲಿ ಅಮೆರಿಕದ ನ್ಯೂವಾರ್ಕ್ ನಗರದಲ್ಲಿ ಸೇತ್ ಬಾಯ್ಡನ್ ಇದನ್ನು ತಯಾರಿಸತೊಡಗಿದ ಕಾಲದಲ್ಲಿ ಅಗಸೆ ಎಣ್ಣೆಯಿಂದ ಮಾಡಿದ ವಾರ್ನಿಶನ್ನು ಪದರ ಪದರವಾಗಿ ಬಳಿದು ಒಣಗಿಸುತ್ತಿದ್ದರು. ಈಗ ಆ ಜಾಗವನ್ನು ಬಹುಮಟ್ಟಿಗೆ ಪಾಲಿಯುರೆಥೇನ್‌ನಂಥ ಪ್ಲಾಸ್ಟಿಕ್ ಲೇಪನಗಳು ಆಕ್ರಮಿಸಿವೆ. ಯುರೋಪಿನ ಮಾನದಂಡದ ಪ್ರಕಾರ ಈ ಲೇಪನ ಒಟ್ಟು ದಪ್ಪದ ಮೂರನೇ ಒಂದು ಭಾಗವನ್ನು ಮೀರಕೂಡದು. ಅಷ್ಟು ತೆಳುವಾದ ಪದರವೊಂದು ಕರಗಿದರೆ ಅಥವಾ ಸವೆದರೆ ಹೊಳಪೂ ಅದರೊಂದಿಗೇ ಹೋಗುತ್ತದೆ. ಕೆಳಗಿನ ಚರ್ಮವನ್ನು ಎಷ್ಟು ಉಜ್ಜಿದರೂ ಅದು ಮರಳುವುದಿಲ್ಲ. ಸಾಮಾನ್ಯ ಚರ್ಮದ ಶೂ ಮೇಣದ ಪಾಲಿಶನ್ನು ಹೀರಿಕೊಳ್ಳುತ್ತದೆ, ಬ್ರಷ್ ಆಡಿಸಿದಂತೆಲ್ಲ ಮಿರುಗುತ್ತದೆ. ಇಲ್ಲಿ ಹೀರಿಕೊಳ್ಳುವ ಮೈಯೇ ಇಲ್ಲ. ಪಾಲಿಶ್ ಮೇಲೆಯೇ ಕೂತು ಮಂಕು ಕವಿಸುತ್ತದೆ. ಥಿನ್ನರ್ ಎಂಬುದಂತೂ ಬಣ್ಣವನ್ನು ಕರಗಿಸುವುದಕ್ಕೆಂದೇ ಇರುವ ದ್ರಾವಕ. ಅಂಟಿದ ಕಲೆ ಯಾವುದು, ಅಡಿಯ ಲೇಪನ ಯಾವುದು ಎಂಬ ಭೇದ ಅದಕ್ಕೆ ತಿಳಿಯದು.

ಪೇಟೆಯಲ್ಲಿ ಶೂ, ಬ್ಯಾಗುಗಳನ್ನು ಶುಚಿಗೊಳಿಸಿ ಕೊಡುವ ಅಂಗಡಿಯೊಂದಕ್ಕೆ ನಾನೇ ಶೂಗಳನ್ನು ಒಯ್ದಿದ್ದೆ. ಇದು ಪೇಟೆಂಟ್ ಲೆದರ್ ಎಂದು ಮೊದಲೇ ಹೇಳಿದೆ. ಪಾಲಿಶ್ ಹಾಕಬೇಡಿ ಎಂದೂ ಹೇಳಿದೆ. ‘ನೀವೇನೂ ಯೋಚ್ನೆ ಮಾಡ್ಬೇಡಿ ಸಾರ್, ಹೊಸದರ ಹಾಗೆ ಮಾಡಿ ಕೊಡ್ತೀವಿ’ ಎಂಬ ಭರವಸೆಯೊಂದಿಗೆ 350 ರೂಪಾಯಿಯ ಚೀಟಿ ಬರೆದುಕೊಟ್ಟರು. ಮರಳಿ ಪಡೆಯಲು ಹೋದಾಗ ಸಂಜೆಯಾಗಿತ್ತು, ಮಳೆಯೂ ಇತ್ತು. ಕೌಂಟರಿನ ಟ್ಯೂಬ್‌ಲೈಟಿನ ಕೆಳಗೆ ಶೂಗಳು ನಿಜಕ್ಕೂ ಹೊಳೆಯುತ್ತಿದ್ದವು. ಬೂದು ಕಲೆ ಕಾಣಿಸಲಿಲ್ಲ. ಹಣ ಕೊಟ್ಟು ಮನೆಗೆ ತಂದೆ.

ಮರುದಿನದ ಬೆಳಕಿನಲ್ಲಿ ಒಣಬಟ್ಟೆಯಿಂದ ಒರೆಸಿದಾಗ ಆ ಹೊಳಪು ಬಟ್ಟೆಗೆ ಬಂತು. ಅದು ಸ್ಪಂಜಿನಲ್ಲಿ ಬರುವ, ದಿಢೀರ್ ಹೊಳಪು ಕೊಡುವ ಸಿಲಿಕೋನ್ ಎಣ್ಣೆ. ಅದರ ಅಡಿಯಲ್ಲಿದ್ದದ್ದು ಬೇರೆಯೇ ಕಥೆ. ಮೂತಿಯ ಭಾಗದ ಲೇಪನ ಉಸಿರು ತಾಗಿದ ಕನ್ನಡಿಯ ಹಾಗೆ ಮಬ್ಬಾಗಿತ್ತು. ಓರೆಯಾಗಿ ಹಿಡಿದು ನೋಡಿದರೆ ಒರೆಸಿದ ದಿಕ್ಕಿನಲ್ಲೆಲ್ಲ ಸಣ್ಣ ಸಣ್ಣ ಅಲೆಗಳು. ಮೆತ್ತಗಾಗಿದ್ದ ಲೇಪನದೊಳಗೆ ಒರೆಸಲು ಬಳಸುವ ಬನಿಯನ್ ವೇಸ್ಟಿನ (ಬನಿಯನ್ ಬಟ್ಟೆಯ ಚೂರುಗಳ) ಬಿಳಿಯ ನೂಲೆಳೆಗಳು ಹೂತುಕೊಂಡು ಹಾಗೆಯೇ ಗಟ್ಟಿಯಾಗಿದ್ದವು. ಅವುಗಳನ್ನು ಚಿಮಟದಿಂದ ಎಳೆದರೆ ಲೇಪನದ ಚೂರೂ ಜೊತೆಗೆ ಏಳುತ್ತಿತ್ತು. ಬದಿಯಲ್ಲಿ ಒಂದು ಹೆಬ್ಬೆರಳ ಗುರುತು, ಗೆರೆಗಳನ್ನು ಎಣಿಸಬಹುದಾದಷ್ಟು ಸ್ಪಷ್ಟವಾಗಿ, ಅಚ್ಚೊತ್ತಿತ್ತು. ಹಿಮ್ಮಡಿಯ ಗೀರಿನೊಳಕ್ಕೆ ಕಪ್ಪು ಪಾಲಿಶ್ ತುಂಬಿದ್ದರು. ಅದು ಸುತ್ತಲೂ ಹರಡಿ ಗೀರು ಮೊದಲಿಗಿಂತ ಅಗಲವಾಗಿ ಕಾಣುತ್ತಿತ್ತು. ಮೂಗಿಗೆ ಹಿಡಿದರೆ ಥಿನ್ನರಿನ ವಾಸನೆ ಇನ್ನೂ ಇತ್ತು.

ಅಂಗಡಿಗೆ ಮರಳಿ ಹೋದಾಗ ಬಂದ ಉತ್ತರವನ್ನು ಇಲ್ಲಿ ದಾಖಲಿಸುವುದು ಅಗತ್ಯ, ಏಕೆಂದರೆ ನಿಮಗೂ ಇದೇ ಉತ್ತರ ಸಿಗುವ ಸಂಭವವಿದೆ. ‘ಇದು ಒರಿಜಿನಲ್ ಲೆದರ್ ಅಲ್ಲ ಸಾರ್, ರೆಕ್ಸಿನ್. ಒರಿಜಿನಲ್ ಆಗಿದ್ರೆ ಏನೂ ಆಗ್ತಿರ್ಲಿಲ್ಲ.’ ಒಳಗಿನ ಕತ್ತರಿಸಿದ ಅಂಚಿನಲ್ಲಿ ಚರ್ಮದ ನಾರು ಎದ್ದು ಕಾಣುತ್ತಿತ್ತು, ಅದನ್ನು ತೋರಿಸಿದೆ. ಆದರೆ ವಾದದ ತಿರುಳು ಅದಲ್ಲ. ಲೇಪನದ ಅಡಿಯಲ್ಲಿ ಚರ್ಮವಿರಲಿ, ರೆಕ್ಸಿನ್ ಇರಲಿ, ಥಿನ್ನರ್ ತಾಗುವುದು ಲೇಪನಕ್ಕೆ; ಮೂಲ ಚರ್ಮವಾದರೆ ಕರಗುವುದಿಲ್ಲ ಎಂಬುದು ಸುಳ್ಳು. ಕೊನೆಗೆ ಕೂಲಿಯ 350 ರೂಪಾಯಿಯನ್ನು ಮಾತ್ರ ಹಿಂದಿರುಗಿಸಿದರು, ಅದೂ ಬಹಳ ಉಪಕಾರ ಮಾಡಿದ ಮುಖಭಾವದೊಂದಿಗೆ.

ಆ ಬೂದು ಕಲೆಗೆ ಬೇಕಾಗಿದ್ದ ಉಪಚಾರ ಬಹಳ ಸಣ್ಣದು. ಮೊದಲು ಒದ್ದೆ ಮಾಡಿ ಹಿಂಡಿದ ಮೆತ್ತನೆಯ ಹತ್ತಿ ಬಟ್ಟೆಯಿಂದ ಧೂಳನ್ನು ಒರೆಸಬೇಕು. ನಮ್ಮ ಕಡೆಯ ಕೆಂಪು ಮಣ್ಣಿನ ಕಣಗಳು ಮೇಲೆ ಉಳಿದಿರುವಾಗಲೇ ಉಜ್ಜಿದರೆ ಅವೇ ಹೊಸ ಗೀರುಗಳನ್ನು ಎಳೆಯುತ್ತವೆ. ನಂತರ ಕಲೆಯ ಮೇಲೆ ಉಗುರನ್ನು ಹಗುರವಾಗಿ ಆಡಿಸಿ ನೋಡಬೇಕು. ಉಗುರು ಎಲ್ಲಿಯೂ ತಡೆಯದೆ ಜಾರಿದರೆ ಕಲೆ ಮೇಲೆ ಕೂತಿದೆ ಎಂದು ಅರ್ಥ. ಅಂಥದ್ದನ್ನು ಮಕ್ಕಳ ಪೆನ್ಸಿಲ್ ಅಳಿಸುವ ಮೆತ್ತನೆಯ ಬಿಳಿ ರಬ್ಬರಿನಿಂದ, ಒತ್ತಡ ಹಾಕದೆ ಉಜ್ಜಿದರೆ ಬಹುಪಾಲು ಎದ್ದುಬರುತ್ತದೆ. ಉಳಿದದ್ದಕ್ಕೆ ಬಟ್ಟೆಯ ತುದಿಗೆ ಕಡಲೆಕಾಳಿನಷ್ಟು ವ್ಯಾಸಲೀನ್ ತೆಗೆದುಕೊಂಡು ಸುತ್ತು ಸುತ್ತಾಗಿ ತಿಕ್ಕಿ, ಕೆಲವು ನಿಮಿಷ ಬಿಟ್ಟು, ಜಿಡ್ಡು ಪೂರ್ತಿ ಹೋಗುವಂತೆ ಒಣಬಟ್ಟೆಯಿಂದ ಒರೆಸಿದರಾಯಿತು. ಅದಕ್ಕೂ ಬಗ್ಗದ ಕಲೆಯಾದರೆ ಮಾತ್ರ, ಔಷಧಿ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲನ್ನು ಕಿವಿಗೆ ಬಳಸುವ ಹತ್ತಿಕಡ್ಡಿಗೆ ತುಸುವೇ ತಾಗಿಸಿ, ಕಾಣದ ಜಾಗವೊಂದರಲ್ಲಿ ಮೊದಲು ಪರೀಕ್ಷಿಸಿ, ಆಮೇಲೆ ಕಲೆಯ ಮೇಲೊಮ್ಮೆ ಸವರಿ ತಕ್ಷಣ ಒರೆಸಬಹುದು. ಎಲ್ಲ ಲೇಪನಗಳೂ ಒಂದೇ ಅಲ್ಲವಾದ್ದರಿಂದ ಈ ಪರೀಕ್ಷೆಯನ್ನು ಬಿಡಕೂಡದು. ಉಗುರು ತಡೆಯುವಂಥ ಗೀರನ್ನು ಯಾವ ಎಣ್ಣೆಯೂ ಮುಚ್ಚುವುದಿಲ್ಲ. ವ್ಯಾಸಲೀನ್ ಅದನ್ನು ಸ್ವಲ್ಪ ಹೊತ್ತು ಮರೆಮಾಡುತ್ತದೆ, ಅಷ್ಟೆ. ನನ್ನನ್ನು ಕೇಳಿದರೆ ಹಿಮ್ಮಡಿಯ ಸಣ್ಣ ಗೀರಿನೊಂದಿಗೆ ಬಾಳುವುದೇ ಜಾಣತನ. ಅದನ್ನು ನೆಲಕ್ಕೆ ಬಗ್ಗಿ ನೋಡುವ ನೆಂಟರು ಇದ್ದರೂ ಒಬ್ಬಿಬ್ಬರು.

ಈ ವಿಷಯ ತಿಳಿದ ಮೇಲೆ ಬಂದ ಸಲಹೆಗಳಿಗೂ ಕೊರತೆಯಿರಲಿಲ್ಲ. ಟೂತ್‌ಪೇಸ್ಟ್ ಹಚ್ಚಿ ತಿಕ್ಕಿ ಎಂದರು ಕೆಲವರು; ಅದರಲ್ಲಿ ಹಲ್ಲಿನ ಕೊಳೆ ತೆಗೆಯಲೆಂದೇ ಹಾಕಿದ ಉಜ್ಜುವ ಪುಡಿ ಇರುತ್ತದೆ, ಅದು ಹೊಳಪನ್ನೂ ಉಜ್ಜಿ ತೆಗೆಯುತ್ತದೆ. ಗೋಡೆಯ ಕಲೆ ಅಳಿಸುವ ಬಿಳಿ ಮೆಲಮೈನ್ ಸ್ಪಂಜಿಗೂ ಇದೇ ಮಾತು, ಅದು ನೋಡಲು ಮೆತ್ತಗಿದ್ದರೂ ಕೆಲಸ ಮಾಡುವುದು ನುಣುಪಾದ ಉಪ್ಪುಕಾಗದದಂತೆಯೇ. ನೇಲ್ ಪಾಲಿಶ್ ರಿಮೂವರಿನಲ್ಲಿ ಸಾಮಾನ್ಯವಾಗಿ ಇರುವುದು ಅಸಿಟೋನ್. ಥಿನ್ನರ್ ಮಾಡಿದ ಕೆಲಸವನ್ನೇ ಅದೂ ಮಾಡುತ್ತದೆ. ಕೊಬ್ಬರಿ ಎಣ್ಣೆಯನ್ನು ನಮ್ಮವರು ಎಲ್ಲದಕ್ಕೂ ಸೂಚಿಸುವಂತೆ ಇದಕ್ಕೂ ಸೂಚಿಸಿದರು. ಅದು ಥಿನ್ನರಿನಷ್ಟು ಅಪಾಯಕಾರಿಯಲ್ಲ, ಆದರೆ ಒರೆಸದೆ ಬಿಟ್ಟ ಎಣ್ಣೆ ಮುಗ್ಗಿ ಅಂಟಾಗುತ್ತದೆ, ಧೂಳು ಹಿಡಿಯುತ್ತದೆ.

ಎತ್ತಿಡುವ ವಿಚಾರದಲ್ಲಿ ಮಲೆನಾಡಿನವರು ಬಯಲುಸೀಮೆಯವರಿಗಿಂತ ಹೆಚ್ಚು ಎಚ್ಚರ ವಹಿಸಬೇಕು. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7000 ಮಿಲಿಮೀಟರನ್ನು ದಾಟುತ್ತದೆ; ಅಲ್ಲಿನಷ್ಟು ಇಲ್ಲದಿದ್ದರೂ ತೀರ್ಥಹಳ್ಳಿ, ಹೊಸನಗರ, ಸಾಗರದ ಮನೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನೊಳಗೂ ತೇವವೇ. ಪಾಲಿಯುರೆಥೇನನ್ನು ತೇವಾಂಶ ನಿಧಾನವಾಗಿ ಒಡೆಯುತ್ತದೆ. ವರ್ಷಗಳು ಕಳೆದಂತೆ ಲೇಪನ ಜಿಗುಟಾಗಿ, ಸಿಪ್ಪೆ ಏಳುವುದಕ್ಕೆ ಇದೂ ಒಂದು ಕಾರಣ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದು ಕಟ್ಟಿದರೆ ತೇವ ಒಳಗೇ ಉಳಿಯುತ್ತದೆ, ಬೂಷ್ಟು ಹಿಡಿಯುತ್ತದೆ. ದಿನಪತ್ರಿಕೆಯಲ್ಲಿ ಸುತ್ತಿದರೆ ಶಾಯಿ ಲೇಪನಕ್ಕೆ ಇಳಿಯುತ್ತದೆ. ಕಪ್ಪು ಶೂವಿನಲ್ಲಿ ಅದು ಕಾಣದಿದ್ದರೂ ಬಿಳಿ, ಕೆನೆ ಬಣ್ಣದ ಶೂಗಳಲ್ಲಿ ಮತ್ತೆ ಹೋಗದ ಕಲೆಯಾಗುತ್ತದೆ. ಎರಡು ಶೂಗಳ ಹೊಳೆಯುವ ಮೈ ಒಂದಕ್ಕೊಂದು ತಾಗಿದರೆ ಅಂಟಿಕೊಳ್ಳುವುದೂ ಉಂಟು. ಹಳೆಯ ಬಿಳಿ ಪಂಚೆಯ ತುಂಡುಗಳಲ್ಲಿ ಒಂದೊಂದನ್ನೂ ಬೇರೆ ಬೇರೆಯಾಗಿ ಸುತ್ತಿ, ಒಳಗೆ ಬಿಳಿ ಕಾಗದ ತುಂಬಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ರಟ್ಟಿನ ಪೆಟ್ಟಿಗೆಯಲ್ಲಿಡುವುದು ಒಳ್ಳೆಯದು. ನೆನೆದ ಶೂವನ್ನು ಬಚ್ಚಲೊಲೆಯ ಪಕ್ಕ ಒಣಗಿಸುವ ಅಭ್ಯಾಸವಂತೂ ಇದಕ್ಕೆ ಸಲ್ಲದು. ಕಾವಿಗೆ ಲೇಪನ ಮೆತ್ತಗಾಗಿ, ಒಳಗಿನ ಚರ್ಮ ಬಿರುಸಾಗಿ, ಬೆರಳು ಮಡಿಯುವ ಜಾಗದಲ್ಲಿ ಬಿರುಕು ಬಿಡುತ್ತದೆ.

ಅಂಗಡಿಗೆ ಕೊಡಲೇಬೇಕಾದ ಸಂದರ್ಭದಲ್ಲಿ ಕೊಡುವ ಮೊದಲು ಎರಡೂ ಶೂಗಳ ಫೋಟೋಗಳನ್ನು ಹಗಲು ಬೆಳಕಿನಲ್ಲಿ ತೆಗೆದಿಟ್ಟುಕೊಳ್ಳಿ. ಚೀಟಿಯ ಮೇಲೆ ‘ಪೇಟೆಂಟ್ ಲೆದರ್, ಥಿನ್ನರ್ ಮತ್ತು ಪಾಲಿಶ್ ಬೇಡ’ ಎಂದು ಅವರಿಂದಲೇ ಬರೆಸಿಕೊಳ್ಳಿ. ನನ್ನ ಚೀಟಿಯಲ್ಲಿ ‘ಶೂ 1 ಜೊತೆ’ ಎಂದಷ್ಟೇ ಇದ್ದುದರಿಂದ ನನ್ನ ಮಾತಿಗೆ ಪುರಾವೆಯೇ ಇರಲಿಲ್ಲ. ಮರಳಿ ಪಡೆಯುವಾಗ ಹಗಲಿನಲ್ಲಿ ಹೋಗಿ, ಜೇಬಿನಲ್ಲೊಂದು ಒಣಬಟ್ಟೆ ಇಟ್ಟುಕೊಂಡು, ಹಣ ಕೊಡುವುದಕ್ಕೆ ಮುಂಚೆ ಅವರೆದುರಿಗೇ ಮೂತಿಯನ್ನು ಒರೆಸಿ ನೋಡಿ. ಹಾನಿಯಾಗಿದ್ದು ಅಂಗಡಿಯವರು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಯ ದೂರನ್ನು ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ಸಲ್ಲಿಸಲು ಅವಕಾಶವಿದೆ, ಇಷ್ಟು ಸಣ್ಣ ಮೊತ್ತದ ದೂರಿಗೆ ಶುಲ್ಕವೂ ಇಲ್ಲ.